ಪ್ರವರ್ಗ 2ಬಿ: ನಮ್ಮ ಮಕ್ಕಳ ಸೀಟಿನ ಹಿಂದಿನ ಲೆಕ್ಕ

ನ್ಯಾಯ ಮತ್ತು ಅಮಾನತ್ತಿನ ಕುರಿತ ಜುಮಾ ಖುತ್ಬಾ ಮುಗಿದು ಜನ ಮಸೀದಿಯಿಂದ ಹೊರಡುತ್ತಿದ್ದಾಗ ಒಬ್ಬ ತಂದೆ ನಮ್ಮ ಬಳಿ ಬಂದು ನಿಂತರು. ಗ್ಯಾರೇಜಿನಲ್ಲಿ ದುಡಿಯುವವರು. ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ, ಡಾಕ್ಟರ್ ಆಗುವ ಆಸೆ ಇಟ್ಟುಕೊಂಡಿದ್ದಾಳೆ. "ನಿಮಗೇನು ಬಿಡು, ಧರ್ಮದ ಹೆಸರಲ್ಲಿ ಸೀಟು ಸಿಗುತ್ತೆ ಅಂತ ಕ್ಲಾಸಿನ ಹುಡುಗಿಯೊಬ್ಬಳು ಅಂದಳಂತೆ. ಅದು ನಿಜಾನಾ ಅಬ್ಬಾ ಅಂತ ಮಗಳು ಕೇಳ್ತಾಳೆ. ಏನು ಹೇಳಲಿ ಸಾಹೇಬರೇ?" ಎಂದರು.

ಈ ಪ್ರಶ್ನೆ ಅವರ ಮನೆಯದು ಮಾತ್ರವಲ್ಲ. ಸಿಇಟಿ, ನೀಟ್ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಇದು ಏಳುತ್ತದೆ. ಸಿಟ್ಟಿನಿಂದಲೋ ಸಂಕೋಚದಿಂದಲೋ ಉತ್ತರಿಸುವ ಬದಲು ವಿಷಯವನ್ನು ತಿಳಿದು ಉತ್ತರಿಸಬೇಕು. ಅದಕ್ಕಾಗಿ ಈ ಲೇಖನ.

ಏನಿದು 2ಬಿ?

ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳಿಗೆ ಒಟ್ಟು ಶೇ. 32 ಮೀಸಲಾತಿ ಇದೆ. ಪ್ರವರ್ಗ 1ಕ್ಕೆ ಶೇ. 4, 2ಎಗೆ ಶೇ. 15, 2ಬಿಗೆ ಶೇ. 4, 3ಎಗೆ ಶೇ. 4, 3ಬಿಗೆ ಶೇ. 5. ಇದರಲ್ಲಿ 2ಬಿ ಮುಸ್ಲಿಮರದು. ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3 ಇದ್ದದ್ದನ್ನು 2022ರಲ್ಲಿ ಕ್ರಮವಾಗಿ ಶೇ. 17 ಮತ್ತು ಶೇ. 7ಕ್ಕೆ ಏರಿಸಲಾಯಿತು.

ನಾಲ್ಕು ಶೇಕಡಾ ಎಂದರೆ ಎಷ್ಟು? 150 ಸೀಟುಗಳ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಇದೆ ಎಂದುಕೊಳ್ಳೋಣ. ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅಲ್ಲಿ 2ಬಿ ನಡೆಯುವುದಿಲ್ಲ. ರಾಜ್ಯಕ್ಕೆ ಉಳಿಯುವುದು ಸುಮಾರು 127. ಅದರ ಶೇ. 4 ಎಂದರೆ ಐದು ಸೀಟು. ಇಷ್ಟೆಲ್ಲ ವಾದ ನಡೆದಿರುವುದು ಆ ಐದು ಸೀಟಿನ ಮೇಲೆ. ಆ ಐದೂ ಪುಕ್ಕಟೆ ಸಿಗುವುದಿಲ್ಲ. ನೀಟ್‌ನಲ್ಲಿ ಅರ್ಹತೆ ಪಡೆದವರೇ ರ‍್ಯಾಂಕ್ ಪ್ರಕಾರ ಅದಕ್ಕೆ ಸ್ಪರ್ಧಿಸಬೇಕು. ನಮ್ಮ ಮಗುವಿಗೆ ಒಳ್ಳೆಯ ರ‍್ಯಾಂಕ್ ಬಂದರೆ ಸಾಮಾನ್ಯ ಸೀಟೇ ದೊರೆಯುತ್ತದೆ, 2ಬಿ ಸೀಟು ಮತ್ತೊಂದು ಮಗುವಿಗೆ ಉಳಿಯುತ್ತದೆ.

ಇದು ಎಲ್ಲಿಂದ ಬಂತು?

ಮೀಸಲಾತಿ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಓದು ಮತ್ತು ಸರ್ಕಾರಿ ನೌಕರಿಯಲ್ಲಿ ಹಿಂದೆ ಬಿದ್ದವರ ಪಟ್ಟಿಯಲ್ಲಿ ಆ ಸಮಿತಿ ಬ್ರಾಹ್ಮಣೇತರ ಹಿಂದೂಗಳ ಜೊತೆಗೆ ಮುಸ್ಲಿಮರನ್ನೂ ಸೇರಿಸಿತು. ನೋಡಿದ್ದು ಒಂದನ್ನೇ: ಶಾಲೆಯಲ್ಲಿ, ಕಚೇರಿಯಲ್ಲಿ ಯಾರಿದ್ದಾರೆ, ಯಾರಿಲ್ಲ?

ಸಂವಿಧಾನ ಬಂದ ಮೇಲೆ, 1951ರಲ್ಲಿ, ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಾತಿ-ಧರ್ಮದ ಪ್ರಕಾರ ಕಾಲೇಜು ಸೀಟು ಹಂಚುವುದನ್ನು ರದ್ದುಮಾಡಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಿಂದ 15(4)ನೇ ವಿಧಿ ಸೇರಿತು. ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡಬಹುದು ಎನ್ನುವುದು ಅದರ ತಾತ್ಪರ್ಯ. ಇಂದಿನ ಚರ್ಚೆಯೆಲ್ಲ ಈ ಒಂದು ಗೆರೆಯ ಸುತ್ತಲೇ ನಡೆಯುತ್ತಿದೆ: ಧರ್ಮವೊಂದನ್ನೇ ಆಧಾರ ಮಾಡಿ ಸೀಟು ಕೊಡುವಂತಿಲ್ಲ, ಹಿಂದುಳಿದಿರುವುದನ್ನು ಆಧಾರ ಮಾಡಿ ಕೊಡಬಹುದು.

ಮೀಸಲಾತಿ ಸಾಮಾನ್ಯವಾಗಿ ಶೇ. 50 ಮೀರಬಾರದು ಎಂಬ ಮಾತು ಹುಟ್ಟಿದ್ದೂ ನಮ್ಮ ರಾಜ್ಯದ ಪ್ರಕರಣದಲ್ಲೇ. ನಾಗನಗೌಡ ಸಮಿತಿಯ ವರದಿಯ ನಂತರ ಮೈಸೂರು ಸರ್ಕಾರ 1962ರಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಶೇ. 68 ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಆ ತೀರ್ಪಿನಲ್ಲಿ ನಾವು ಗಮನಿಸಬೇಕಾದದ್ದು ಇನ್ನೂ ಎರಡಿವೆ. ಮೊದಲನೆಯದು, ಜಾತಿಯೊಂದೇ ಅಳತೆಗೋಲಾಗಬಾರದು ಎಂದ ನ್ಯಾಯಾಲಯ, ಹಾಗೆ ಮಾಡಿದರೆ ಮುಸ್ಲಿಮರು, ಕ್ರೈಸ್ತರು, ಜೈನರಂಥ ಸಮುದಾಯಗಳ ಹಿಂದುಳಿದಿರುವಿಕೆಯನ್ನು ಅಳೆಯುವುದು ಹೇಗೆ ಎಂದು ಕೇಳಿತು. ಎರಡನೆಯದು, ಲೆಕ್ಕ ಬೇಕು ಎಂದಿತು. ಸಮಿತಿ ಪ್ರತಿ ಸಾವಿರ ಜನಕ್ಕೆ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸಿತ್ತು. ರಾಜ್ಯದ ಸರಾಸರಿ 6.9 ಇತ್ತು. ಸರಾಸರಿಯ ಹತ್ತಿರ ಇರುವವರನ್ನಲ್ಲ, ಅದಕ್ಕಿಂತ ಬಹಳ ಕೆಳಗಿರುವವರನ್ನು ಮಾತ್ರ ಹಿಂದುಳಿದವರೆನ್ನಬೇಕು ಎಂದು ನ್ಯಾಯಾಲಯ ಹೇಳಿತು.

ದೇವರಾಜ ಅರಸು ಸರ್ಕಾರ 1975ರ ಹಾವನೂರು ವರದಿಯ ನಂತರ ಹೊರಡಿಸಿದ 1977ರ ಆದೇಶದಲ್ಲಿ ಮುಸ್ಲಿಮರಿಗೂ ಸ್ಥಾನ ಕೊಟ್ಟಿತು. 1990ರಲ್ಲಿ ಚಿನ್ನಪ್ಪ ರೆಡ್ಡಿ ಆಯೋಗವೂ ಮುಸ್ಲಿಮರನ್ನು ಹಿಂದುಳಿದವರೆಂದು ಗುರುತಿಸಿತು. 1994ರಲ್ಲಿ ವೀರಪ್ಪ ಮೊಯಿಲಿ ಸರ್ಕಾರ 2ಬಿ ಎಂಬ ಪ್ರತ್ಯೇಕ ಪ್ರವರ್ಗ ಮಾಡಿತು. 1995ರಲ್ಲಿ ದೇವೇಗೌಡರ ಸರ್ಕಾರದಲ್ಲಿ ಶೇ. 4 ಜಾರಿಗೆ ಬಂತು.

2023ರ ತಿರುವು

2023ರ ಮಾರ್ಚ್ 27ರ ಆದೇಶದಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 2ಬಿಯಿಂದ ಮುಸ್ಲಿಮರನ್ನು ಕೈಬಿಟ್ಟಿತು. ಆ ಶೇ. 4ರಲ್ಲಿ ಎರಡನ್ನು ಒಕ್ಕಲಿಗರ, ಎರಡನ್ನು ಲಿಂಗಾಯತರ ಪಾಲಿಗೆ ಸೇರಿಸಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರಾದವರ ಶೇ. 10ರಲ್ಲಿ ಸ್ಪರ್ಧಿಸಲಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ನಡೆದ ವಿಚಾರಣೆಯಲ್ಲಿ ನ್ಯಾಯಪೀಠ, ಈ ನಿರ್ಧಾರದ ತಳಹದಿ ಮೇಲ್ನೋಟಕ್ಕೇ ದುರ್ಬಲವಾಗಿ ಕಾಣುತ್ತದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಆದೇಶವನ್ನು ಸದ್ಯ ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತು. ಹೀಗೆ ಹಳೆಯ ಶೇ. 4 ಉಳಿದುಕೊಂಡಿತು. ವಿವಾದ ಮಾತ್ರ ಮುಗಿಯಲಿಲ್ಲ.

ಎದುರು ಮಾತನ್ನೂ ಕೇಳೋಣ

ವಿರೋಧಿಸುವವರೆಲ್ಲ ದ್ವೇಷದಿಂದಲೇ ಮಾತನಾಡುತ್ತಾರೆಂದು ತಿಳಿಯುವುದು ತಪ್ಪು. ಅವರ ಮೊದಲ ಮಾತು: ಒಂದು ಇಡೀ ಧರ್ಮದವರನ್ನು ಹಿಂದುಳಿದವರೆನ್ನುವುದು ಹೇಗೆ? ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗವೂ 2024ರಲ್ಲಿ ಕರ್ನಾಟಕದ ಬಗ್ಗೆ ಇದೇ ಆಕ್ಷೇಪ ಎತ್ತಿತು. ಈ ಮಾತಿನಲ್ಲಿ ತೂಕವಿದೆ. ನಮ್ಮಲ್ಲಿ ದೊಡ್ಡ ವ್ಯಾಪಾರಿಗಳಿದ್ದಾರೆ, ಹಣ್ಣಿನ ಗಾಡಿ ತಳ್ಳುವವರೂ ಇದ್ದಾರೆ. ಇದಕ್ಕೆ ಕಾನೂನು ಕೊಡುವ ಉತ್ತರ ಕೆನೆಪದರ. ಪೋಷಕರ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿದರೆ 2ಬಿ ಸಿಗುವುದಿಲ್ಲ.

ಎರಡನೆಯ ಮಾತು ಅಂಕಿಅಂಶದ್ದು. 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1 ಇತ್ತು. ರಾಜ್ಯದ ಸರಾಸರಿ ಶೇ. 66.6. ಹಾಗಿದ್ದರೆ ಹಿಂದುಳಿದಿರುವುದೆಲ್ಲಿ ಎನ್ನುತ್ತಾರೆ. ಇದನ್ನು ನಾವು ಮುಚ್ಚಿಡಬೇಕಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು, ಹತ್ತಿರದಲ್ಲಿ ಶಾಲೆ ಇರುತ್ತದೆ, ಅಕ್ಷರ ಬರುತ್ತದೆ. ಆದರೆ ಹೆಸರು ಬರೆಯಲು ಬರುವುದು ಬೇರೆ, ಪದವಿ ಮುಗಿಸುವುದು ಬೇರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಹುಡುಗ ವೆಲ್ಡಿಂಗ್ ಅಂಗಡಿಗೆ, ಹುಡುಗಿ ಮನೆಗೆ: ಇದು ನಮ್ಮ ಮೊಹಲ್ಲಾಗಳಲ್ಲಿ ನಾವೇ ಕಾಣುವ ದೃಶ್ಯ. ಕಾಲೇಜು ಸೀಟಿನ ಚರ್ಚೆಯಲ್ಲಿ ಎಣಿಸಬೇಕಾದದ್ದು ಆ ಮಕ್ಕಳನ್ನು.

ಮೂರನೆಯದು ಪ್ರತಿಭೆ. 2022ರ ಜನವರಿಯಲ್ಲಿ ವೈದ್ಯಕೀಯ ಸೀಟುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಪ್ರತಿಭೆಯನ್ನು ಒಂದು ಪರೀಕ್ಷೆಯ ಅಂಕಕ್ಕೆ ಇಳಿಸಲಾಗದು ಎಂದಿತು. ಕೋಚಿಂಗ್ ಇದ್ದ ಮಗುವಿನ ಅಂಕವನ್ನೂ, ಅಂಗಡಿ ನೋಡಿಕೊಂಡು ರಾತ್ರಿ ಓದಿದ ಮಗುವಿನ ಅಂಕವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನ್ಯಾಯವಾಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಈ ಸೀಟಿನ ಆಧಾರ ಹಿಂದುಳಿದಿರುವುದು ಎಂದಾದರೆ, ಅದನ್ನು ಸತ್ಯವಾಗಿ ತೋರಿಸುವ ಹೊಣೆ ನಮ್ಮ ಮೇಲೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಮನೆ ಮನೆಗೆ ಬಂತು. ಇಂಥ ಸಮೀಕ್ಷೆಯಲ್ಲಿ ಮಕ್ಕಳ ಓದು, ಉದ್ಯೋಗ, ಆದಾಯವನ್ನು ಮರ್ಯಾದೆಗೆ ಅಂಜಿ ಹೆಚ್ಚಿಸಿ ಹೇಳಬಾರದು, ಲಾಭಕ್ಕೆಂದು ತಗ್ಗಿಸಿಯೂ ಹೇಳಬಾರದು. ನಾಳೆ ನ್ಯಾಯಾಲಯ ಕೇಳುವುದು ಆ ಲೆಕ್ಕವನ್ನೇ.

ಪಿಂಜಾರ, ನದಾಫ್, ಛಪ್ಪರ್‌ಬಂದ್ ಮುಂತಾದ ಸಮುದಾಯಗಳು ಪ್ರವರ್ಗ 1ರಲ್ಲಿವೆ. ಅಲ್ಲಿ ಕೆನೆಪದರದ ಆದಾಯ ಮಿತಿಯೂ ಇಲ್ಲ. ಶಾಲೆಯ ದಾಖಲೆಯಲ್ಲಿ ಬರೀ ಮುಸ್ಲಿಂ ಎಂದಷ್ಟೇ ಬರೆಸಿ ಆ ಹಕ್ಕು ಕಳೆದುಕೊಳ್ಳುವ ಮನೆಗಳಿವೆ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗಲೇ ಸರಿಯಾಗಿ ಬರೆಸಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಫಲಿತಾಂಶದವರೆಗೆ ಕಾಯದೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಅದರ ಪ್ರಮಾಣಪತ್ರವೂ ಬೇರೆ ಎಂಬುದು ನೆನಪಿರಲಿ.

ಇನ್ನೊಂದು ಮಾತು ಉಳ್ಳವರಿಗೆ. 12 ಲಕ್ಷ ದುಡಿಯುವವರು 6 ಲಕ್ಷವೆಂದು ಬರೆಸಿ ಪ್ರಮಾಣಪತ್ರ ತಂದರೆ ಕಸಿದುಕೊಂಡದ್ದು ಸರ್ಕಾರದ್ದನ್ನಲ್ಲ, ಆ ಐದು ಸೀಟಿನಲ್ಲಿ ಒಂದನ್ನು ನಂಬಿ ಕೂತ ಗ್ಯಾರೇಜ್ ಕೆಲಸಗಾರನ ಮಗಳದ್ದನ್ನು. ಖತೀಬರು ಅಮಾನತ್ತಿನ ಖಿಯಾನತ್ ಬಗ್ಗೆ ಹೇಳಿದಾಗ ನಮಗೆ ನೆನಪಾದದ್ದು ಇದೇ.

ಆ ತಂದೆಗೆ ನಾವು ಹೇಳಿದ್ದಿಷ್ಟು: ಮಗಳಿಗೆ ತಲೆ ತಗ್ಗಿಸಬೇಡ ಎನ್ನಿ. ಗೆಳತಿಯ ಮೇಲೆ ಸಿಟ್ಟೂ ಬೇಡ, ಕೂರಿಸಿಕೊಂಡು ಈ ಲೆಕ್ಕ ಹೇಳಲಿ. ಮೊದಲು ಸಾಮಾನ್ಯ ಸೀಟಿಗೇ ಗುರಿಯಿಟ್ಟು ಓದಲಿ. ಅದು ಸಿಕ್ಕರೆ 2ಬಿ ಸೀಟು ಇನ್ನೊಬ್ಬ ಬಡವರ ಮಗುವಿಗೆ. ಸಿಗದಿದ್ದರೆ 2ಬಿ ಅವಳ ಹಕ್ಕು. ನಾಳೆ ಡಾಕ್ಟರಾಗಿ ಕೂತಾಗ ಆ ಗೆಳತಿಯ ಮನೆಯವರೂ ಅವಳ ಮುಂದೆ ರೋಗಿಯಾಗಿ ಬರಬಹುದು, ಅವರನ್ನೂ ಪ್ರೀತಿಯಿಂದ ನೋಡಲಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಕಾರಿಯಾದ ಜ್ಞಾನವನ್ನು ಕರುಣಿಸಲಿ. ಆಮೀನ್.