ಬೇಸ್ ಗಿಟಾರಿಗೆ ಎಂಥ ಸ್ಪೀಕರ್ ಬಾಕ್ಸ್?



ಗಾಯನವೃಂದಕ್ಕೆ ಬೇಸ್ ಗಿಟಾರ್ ಬಂದ ಮೇಲೆ ಅದಕ್ಕೊಂದು ಸ್ಪೀಕರ್ ಬಾಕ್ಸ್ ಬೇಕೇ ಬೇಕು. ಅಂಗಡಿಯಲ್ಲಿ ನಮ್ಮ ಯುವಕರು ಕೇಳುವುದು, "ಎಷ್ಟು ಇಂಚು, ಎಷ್ಟು ವ್ಯಾಟ್?" ಎಂದು. ಆದರೆ ಮೊದಲು ಕೇಳಬೇಕಾದದ್ದು ಓಮ್.

ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅದು ತಾಳಿಕೊಳ್ಳುವ ಕನಿಷ್ಠ ಓಮ್ ಬರೆದಿರುತ್ತದೆ. 8 ಓಮಿನ ಎರಡು ಬಾಕ್ಸುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. 4 ಓಮಿನ ಎರಡನ್ನು ಜೋಡಿಸಿದರೆ 2. ಕನಿಷ್ಠ 4 ಎಂದಿರುವ ಆಂಪ್ಲಿಫೈಯರಿನ ಮೇಲೆ 2 ಓಮಿನ ಹೊರೆ ಹಾಕಿದರೆ ಅದು ಕಾದು ಸುಟ್ಟುಹೋಗಬಹುದು. ಮುಂದೆ ಇನ್ನೊಂದು ಬಾಕ್ಸ್ ಕೊಳ್ಳುವ ಆಸೆಯಿದ್ದರೆ ಮೊದಲನೆಯದು 8 ಓಮಿನದ್ದೇ ಇರಲಿ.

ಇನ್ನು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳುವ ಸದ್ದಿನ ಅಳತೆ. 97 ಡೆಸಿಬೆಲಿನ ಬಾಕ್ಸಿಗೆ 100 ವ್ಯಾಟ್ ಕೊಟ್ಟರೂ ಒಂದೇ, 94ರದ್ದಕ್ಕೆ 200 ಕೊಟ್ಟರೂ ಒಂದೇ. ಧರ್ಮಕೇಂದ್ರದ ಹಣ ಉಳಿಯುವುದು ಇಲ್ಲಿ.

15 ಇಂಚೇ ಆಗಬೇಕೆಂಬ ಹಟ ಬೇಡ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯ ಪ್ರಸಿದ್ಧ ಬಾಕ್ಸಿನಲ್ಲಿದ್ದದ್ದು 10 ಇಂಚಿನ ಎಂಟು ಸ್ಪೀಕರುಗಳು. (ಅಂಥದ್ದನ್ನು ಮಹಡಿಗೆ ಹತ್ತಿಸುವ ಸಾಹಸಕ್ಕೆ ಮಾತ್ರ ಕೈಹಾಕಬೇಡಿ!) ಅದು ರಂಧ್ರವಿಲ್ಲದ, ಮುಚ್ಚಿದ ಬಾಕ್ಸು, ಒಳಗಿನ ಗಾಳಿಯೇ ಕೋನನ್ನು ಹತೋಟಿಯಲ್ಲಿಡುತ್ತದೆ. ರಂಧ್ರವುಳ್ಳದ್ದು ಕೆಳಸ್ವರಗಳನ್ನು ತುಂಬಿಕೊಡುತ್ತದೆ ನಿಜ, ಆದರೆ ಅದರ ಮಿತಿಗಿಂತ ಕೆಳಗಿಳಿದರೆ ಕೋನ್ ಹಿಡಿತ ತಪ್ಪಿ ಕುಣಿಯುತ್ತದೆ. 4 ತಂತಿಯ ಬೇಸಿನ ತಳಸ್ವರ ಸುಮಾರು 41 ಹರ್ಟ್ಸ್, 5 ತಂತಿಯದು 31. ಗೋಡೆಗಳು ಪ್ರತಿಧ್ವನಿಸುವ ದೇವಾಲಯಕ್ಕೆ ಮುಚ್ಚಿದ್ದೇ ಮೇಲೆಂದು ನನ್ನ ಅನಿಸಿಕೆ. ಗುಂಯ್‌ಗುಡುವ ಸದ್ದಿನಲ್ಲಿ ಗೀತೆಯ ಮಾತುಗಳು ಮುಳುಗಬಾರದಲ್ಲ! ಒಂದು ದಿನ ಬಾಡಿಗೆಗೆ ತಂದು ನುಡಿಸಿ, ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿ, ಆಮೇಲೆ ಹಣ ಕೊಡಿ.