ಹುಲ್ಲುಹಾಸು ನಿರ್ವಹಣೆ: ಸಣ್ಣ ಉದ್ಯಮದ ಲೆಕ್ಕಾಚಾರ

ಬೆಂಗಳೂರು, ಮೈಸೂರು ಮುಂತಾದ ನಗರಗಳಲ್ಲಿ ವಸತಿ ಸಮುಚ್ಚಯ, ಶಾಲೆ ಹಾಗೂ ಕಚೇರಿಗಳ ಹುಲ್ಲುಹಾಸಿನ ನಿರ್ವಹಣೆಯು, ತೋಟಗಾರಿಕೆಯ ಅನುಭವವುಳ್ಳ ಗ್ರಾಮೀಣ ಯುವಜನರಿಗೆ ಕಡಿಮೆ ಬಂಡವಾಳದ ಸ್ವಯಂ ಉದ್ಯೋಗವಾಗಬಲ್ಲದು. ಆದರೆ ಹುಲ್ಲು ಬೆಳೆಸಲು ಬಲ್ಲವರೂ ಇದರಲ್ಲಿ ನಷ್ಟ ಅನುಭವಿಸುವುದುಂಟು. ವರ್ಷದ ಕೆಲಸವನ್ನು ಎಣಿಸದೆ, ಕಣ್ಣಂದಾಜಿನಲ್ಲಿ ದರ ಒಪ್ಪಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

1. ಸ್ಥಳ ಪರಿಶೀಲನೆ

ದರ ತಿಳಿಸುವ ಮೊದಲು ಜಾಗವನ್ನು ಟೇಪಿನಿಂದ ಅಳೆದು ಚದರ ಮೀಟರ್‌ಗಳಲ್ಲಿ ಬರೆದಿಟ್ಟುಕೊಳ್ಳಿರಿ. ಹುಲ್ಲಿನ ಜಾತಿ, ಮರದ ನೆರಳು, ನೀರಿನ ಮೂಲ ಮತ್ತು ಪ್ರಯಾಣದ ದೂರವನ್ನೂ ದಾಖಲಿಸಿರಿ. ಬರ್ಮುಡಾ (ಗರಿಕೆ) ಹುಲ್ಲು ಬೇಗ ಬೆಳೆಯುತ್ತದೆ, ನೆರಳಿನಲ್ಲಿ ಸೊರಗುತ್ತದೆ. ಜೋಯಿಸಿಯಾ ಹುಲ್ಲು ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ.

2. ಕತ್ತರಿಸುವ ಕ್ರಮ

ಒಂದು ಬಾರಿಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಬರ್ಮುಡಾ ಹುಲ್ಲನ್ನು 3 ಸೆಂ.ಮೀ. ಎತ್ತರದಲ್ಲಿ ಕಾಯ್ದುಕೊಳ್ಳಬೇಕಾದರೆ, ಅದು 4.5 ಸೆಂ.ಮೀ. ತಲುಪುವಷ್ಟರಲ್ಲಿ ಕತ್ತರಿಸಬೇಕು. ಮಳೆಗಾಲದಲ್ಲಿ ಈ ಬೆಳವಣಿಗೆಗೆ ಸುಮಾರು ಒಂದು ವಾರ ಸಾಕು. ವಾರ ತಪ್ಪಿಸಿ ಒಮ್ಮೆಲೇ ಬೋಳಿಸಿದರೆ ಬುಡ ಹಳದಿಯಾಗಿ, ಕಳೆಗೆ ಅವಕಾಶವಾಗುತ್ತದೆ.

3. ದರ ನಿಗದಿ

ಮಾರ್ಚ್ ತಿಂಗಳಿನಲ್ಲಿ ಹುಲ್ಲು ನೋಡಿ, ಎರಡು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕೆಂದು ಭಾವಿಸುವುದು ಸಹಜ. ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 26 ಭೇಟಿಗಳಾಗುತ್ತವೆ. ವಾಸ್ತವವಾಗಿ ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ 26, ಉಳಿದ ಆರು ತಿಂಗಳು ಎರಡು ವಾರಕ್ಕೊಮ್ಮೆ 13, ಒಟ್ಟು 39 ಭೇಟಿಗಳು ಬೇಕಾಗಬಹುದು. ಅಂದರೆ 13 ದಿನಗಳ ದುಡಿಮೆಗೆ ಸಂಭಾವನೆಯೇ ಇರುವುದಿಲ್ಲ.

ಕೂಲಿ, ಪ್ರಯಾಣ, ಇಂಧನ, ಅಲಗು ಹರಿತಗೊಳಿಸುವಿಕೆ ಸೇರಿ ಒಂದು ಭೇಟಿಗೆ ರೂ. 400 ವೆಚ್ಚವೆಂದು ಇಟ್ಟುಕೊಳ್ಳಿರಿ. 39 ಭೇಟಿಗಳಿಗೆ ರೂ. 15,600, ಅಂದರೆ ತಿಂಗಳಿಗೆ ರೂ. 1,300 ಆಗುತ್ತದೆ. 26 ಭೇಟಿಗಳ ಅಂದಾಜಿನಲ್ಲಿ ಇದು ಸುಮಾರು ರೂ. 867 ಮಾತ್ರ. ಇದರ ಮೇಲೆ ಯಂತ್ರದ ಸವಕಳಿಯನ್ನು ಸೇರಿಸಬೇಕು. ರೂ. 30,000 ಬೆಲೆಯ ಯಂತ್ರ ಐದು ವರ್ಷ ಬಾಳುವುದಾದರೆ ತಿಂಗಳಿಗೆ ರೂ. 500 ತೆಗೆದಿರಿಸಿ, ಅದನ್ನು ಎಲ್ಲ ಗ್ರಾಹಕರ ದರದಲ್ಲಿ ಹಂಚಬೇಕು. ಲಾಭಾಂಶವನ್ನು ಕೊನೆಯಲ್ಲಿ ಸೇರಿಸಿರಿ. ಒಂದೇ ಬಡಾವಣೆಯಲ್ಲಿ ಹೆಚ್ಚು ಗ್ರಾಹಕರನ್ನು ಪಡೆದರೆ ಪ್ರಯಾಣದ ವೆಚ್ಚ ಇಳಿಯುತ್ತದೆ.

4. ನೀರು

ಒಂದು ಚದರ ಮೀಟರ್‌ಗೆ 1 ಮಿ.ಮೀ. ನೀರೆಂದರೆ 1 ಲೀಟರ್. 200 ಚದರ ಮೀಟರ್ ಹುಲ್ಲುಹಾಸಿಗೆ 5 ಮಿ.ಮೀ. ನೀರುಣಿಸಲು 1,000 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ರೂ. 5,000 ದಂಡ ವಿಧಿಸಿತ್ತು. ಆದ್ದರಿಂದ ಸಂಸ್ಕರಿಸಿದ ನೀರು ಲಭ್ಯವಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿರಿ.

5. ಕಳೆ, ಕೀಟ ಮತ್ತು ಸುರಕ್ಷತೆ

ಜೇಕನ್ನು ಗೆಡ್ಡೆಸಹಿತ ಅಗೆದು ತೆಗೆಯಬೇಕು. ಮೇಲ್ಭಾಗ ಕಿತ್ತರೆ ಮತ್ತೆ ಚಿಗುರುತ್ತದೆ. ಇತರರ ಆವರಣದಲ್ಲಿ ಸಂಭಾವನೆಗಾಗಿ ಕೀಟನಾಶಕ ಸಿಂಪಡಿಸುವ ಮುನ್ನ, 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿಯ ಅಗತ್ಯವನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿರಿ. ಕತ್ತರಿಸುವ ಮೊದಲು ಕಲ್ಲು, ತಂತಿಗಳನ್ನು ಹೆಕ್ಕಿ ತೆಗೆಯಿರಿ. ಯಂತ್ರವನ್ನು ನಿಲ್ಲಿಸಿದ ನಂತರವೇ ಅಲಗನ್ನು ಮುಟ್ಟಿರಿ.

6. ಲಿಖಿತ ಒಪ್ಪಂದ

ಭೇಟಿಗಳ ಸಂಖ್ಯೆ, ಗೊಬ್ಬರದ ವೆಚ್ಚ ಭರಿಸುವವರು, ನೀರಿನ ಹೊಣೆ ಮತ್ತು ಹಣ ಪಾವತಿಯ ದಿನಾಂಕವನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿರಿ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತವಾಗಿದ್ದು, ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ. ಹೊಸಬರು ಎರಡು ಮೂರು ಗ್ರಾಹಕರೊಂದಿಗೆ ಒಂದು ಮಳೆಗಾಲವನ್ನು ಪೂರೈಸಿ, ಭೇಟಿಗಳ ದಿನಚರಿ ಇಟ್ಟು, ಆ ಲೆಕ್ಕದ ಆಧಾರದ ಮೇಲೆ ಉದ್ಯಮವನ್ನು ವಿಸ್ತರಿಸುವುದು ಸೂಕ್ತ.