ಎತ್ತಿದ ರೋಟವೇಟರ್ ತಲೆದೂಗುತ್ತಿದೆಯಾ? ಪಂಪ್ ಬದಲಿಸುವ ಮೊದಲು ಇದನ್ನು ನೋಡಿ

ರೋಟವೇಟರ್ ಎತ್ತಿ ಲಿವರ್ ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಸ್ವಲ್ಪ ಇಳಿಯುತ್ತೆ, ಜಗ್ಗನೆ ಮೇಲೇಳುತ್ತೆ, ಮತ್ತೆ ಇಳಿಯುತ್ತೆ. ತಕ್ಷಣ ‘ಪಂಪ್ ಹೋಗಿದೆ’ ಅನ್ನೋರೇ ಜಾಸ್ತಿ. ಆದರೆ ಪಂಪ್ ಎತ್ತುತ್ತಾ ಇದೆಯಲ್ಲ! ಎತ್ತಿದ್ದನ್ನು ಹಿಡಿದು ನಿಲ್ಲಿಸೋದು ಸಿಲಿಂಡರಿನ ಸೀಲ್ ಮತ್ತು ಕಂಟ್ರೋಲ್ ವಾಲ್ವ್. ಆಯಿಲ್ ಒಳಗೊಳಗೇ ಸೋರಿದರೆ ತೋಳು ಇಳಿಯುತ್ತೆ. ಇಳಿದಷ್ಟನ್ನು ಸರಿಮಾಡಲು ವಾಲ್ವ್ ಮತ್ತೆ ಆಯಿಲ್ ಬಿಡುತ್ತೆ. ತಲೆದೂಗಾಟ ಬರೋದು ಹೀಗೆ.

ಖಚಿತ ಮಾಡಿಕೊಳ್ಳಲು ಪೂರ್ತಿ ಎತ್ತಿ, ಎಂಜಿನ್ ಆಫ್ ಮಾಡಿ, ದೂರ ನಿಂತು ಮೊಬೈಲಲ್ಲಿ ವಿಡಿಯೊ ಮಾಡಿ. ಒಂದೆರಡು ನಿಮಿಷದಲ್ಲೇ ನೆಲ ಮುಟ್ಟಿದರೆ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಮೆಕ್ಯಾನಿಕ್‌ಗೆ ಆ ವಿಡಿಯೊ ತೋರಿಸಿ, ಅರ್ಧ ಮಾತು ಉಳಿಯುತ್ತೆ.

ಎತ್ತೋದೇ ನಿಧಾನ, ಅದೂ ತಡವರಿಸಿ ಎತ್ತುತ್ತೆ ಅಂದರೆ ಕಥೆ ಬೇರೆ. ಮೊದಲು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಮಟ್ಟ ಕಮ್ಮಿಯಿದ್ದರೆ ಪಂಪ್ ಗಾಳಿ ಎಳೆಯುತ್ತೆ. ಆಯಿಲಲ್ಲಿ ನೊರೆ ಇದ್ದರೆ ಗಾಳಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು. ಗದ್ದೆ ಕೆಸರಲ್ಲಿ ದುಡಿಯುವ ಟ್ರ್ಯಾಕ್ಟರ್‌ಗೆ ಈ ಎರಡನೆಯದು ಹೊಸದಲ್ಲ. ಬೆಳಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಎತ್ತಿ, ಬಿಸಿಯಾದ ಮೇಲೆ ಸೋತರೆ ಪಂಪ್ ಸವೆದಿರಬಹುದು. ತಣ್ಣಗಿದ್ದಾಗಲೇ ತೊಂದರೆ ಅಂದರೆ ಫಿಲ್ಟರ್ ಕಟ್ಟಿರಬಹುದು, ಆಯಿಲ್ ದಪ್ಪದ್ದಾಗಿರಬಹುದು.

ಇನ್ನೊಂದು, ಯಾರೂ ಲೆಕ್ಕಕ್ಕೆ ತಗೊಳ್ಳದ್ದು: ಟಿಪ್ಪಿಂಗ್ ಟ್ರೇಲರ್. ಅದನ್ನು ಎತ್ತೋದು ನಿಮ್ಮ ಟ್ರ್ಯಾಕ್ಟರಿನ ಆಯಿಲ್. ಬಾಡಿಗೆ ಟ್ರೇಲರ್ ಜೋಡಿಸಿದರೆ ಹಿಂದಿನವರ ಕೊಳಕು ಆಯಿಲ್ ನಿಮ್ಮದರ ಜೊತೆ ಸೇರುತ್ತೆ. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸಿಗೂ ಅದೇ ಆಯಿಲ್. ಜೋಡಿಸುವ ಮುಂಚೆ ಕಪ್ಲಿಂಗ್ ಒರೆಸೋದಕ್ಕೆ ಒಂದು ಬಟ್ಟೆ ಸಾಕು.

ಉಳುವಾಗ ನೇಗಿಲು ತಾನಾಗೇ ಏರಿಳಿದರೆ ಗಾಬರಿ ಬೇಡ. ಡ್ರಾಫ್ಟ್ ಕಂಟ್ರೋಲಲ್ಲಿ ಗಟ್ಟಿ ನೆಲ ಸಿಕ್ಕಾಗ ಏರೋದೇ ಅದರ ಕೆಲಸ. ರೋಟವೇಟರ್‌ಗೆ ಪೊಸಿಷನ್ ಕಂಟ್ರೋಲ್ ಬಳಸಿ.

ಕೈ ಹಾಕುವ ಮುನ್ನ ಉಪಕರಣ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ. ಎತ್ತಿದ ರೋಟವೇಟರ್ ಅಡಿಗೆ ಹೋಗಲೇಬೇಡಿ, ಹಗ್ಗ ಕಟ್ಟಿದ್ದರೂ ಸರಿ. ಹೋಸ್ ಸೋರಿಕೆಯನ್ನು ಬೆರಳಿಂದ ಹುಡುಕಬೇಡಿ. ಒತ್ತಡದ ಸಣ್ಣ ಚಿಲುಮೆ ಚರ್ಮದೊಳಗೆ ನುಗ್ಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ರಿಲೀಫ್ ವಾಲ್ವ್ ಬಿಗಿ ಮಾಡಿದರೆ ಜಾಸ್ತಿ ಎತ್ತುತ್ತೆ ಅಂತ ಯಾರಾದರೂ ಸ್ಪ್ಯಾನರ್ ತಂದರೆ, ಟೀ ಕೊಟ್ಟು ಕಳಿಸಿ.